ಗಾಜಿನ ಈಚೆ

ಟಕ್ ಎನ್ನಬೇಕಿತ್ತು, ಎನ್ನಲಿಲ್ಲ, ಮರದ ಪುಡಿಯ ಒಂದು ಗುಳಿಗೆಯೂ ಒಲೆಯ ಉರಿಬಟ್ಟಲಿಗೆ ಬೀಳಲಿಲ್ಲ, ಮೋಟಾರು ಮಾತ್ರ ಹಲ್ಲು ಕಚ್ಚಿಕೊಂಡು ಗುರುಗುಟ್ಟಿ ಸುಮ್ಮನಾಯಿತು, ಒಲೆಯ ಪುಟ್ಟ ಪರದೆಯ ಮೇಲೆ ಮತ್ತೆ ಅದೇ ಕೆಂಪು ಅಕ್ಷರ, ಬೆಂಕಿ ಇಲ್ಲ — ಗೊತ್ತು ಮಹರಾಯ, ಅದಕ್ಕೇ ತಾನೇ ಬೆಳಗಿನಿಂದ ನಿನ್ನ ಮುಂದೆ ಮಂಡಿಯೂರಿ ಕೂತಿರುವುದು. ಕೋಣೆಯಲ್ಲಿ ಹನ್ನೊಂದು ಡಿಗ್ರಿ. ಇಪ್ಪತ್ನಾಕಕ್ಕಿಂತ ಕೆಳಗೆ ಹೋಗೋ ಹಾಗಿಲ್ಲ, ತನ್ನ ಮೈ ತಾನೇ ಬೆಚ್ಚಗಿಟ್ಕೊಳ್ಳೋದು ಇನ್ನೂ ಪೂರ್ತಿ ಕಲಿತಿಲ್ಲ ನಿಮ್ಮ ಜಗಳಗಂಟಿ, ಎಂದಿದ್ದಳು ನರ್ಸು. ಎರಡು ತಿಂಗಳು ಮೊದಲೇ ಹುಟ್ಟಿ, ನಲವತ್ತೊಂದು ದಿನ ಗಾಜಿನ ಪೆಟ್ಟಿಗೆಯೊಳಗೆ ಮುಷ್ಟಿ ಎತ್ತಿಕೊಂಡೇ ಮಲಗಿದ್ದ ಮಗಳಿಗೆ ಅವಳಿಟ್ಟ ಹೆಸರು ಅದು, ಗೋಲಿಯಷ್ಟು ಮುಷ್ಟಿ, ತೆರೆಯುತ್ತದೆ, ಮುಚ್ಚುತ್ತದೆ, ಗಾಜಿನ ಈಚೆ ನಾನು. ನಾಲ್ಕು ಗಂಟೆಗೆ ಮನೆಗೆ ಬರುತ್ತಾಳೆ. ಈಗ ಮೂರು. ಇನ್ನೆರಡು ದಿನ ಅಲ್ಲೇ ಇರ್ಲಿ ಅಂತ ಕೇಳ್ಬಾರ್ದಾ, ಎನ್ನುತ್ತಾರೆ ಅತ್ತೆ, ಕೇಳಿದೆ, ಆ ಪೆಟ್ಟಿಗೆಗೆ ಆಗಲೇ ಬೇರೆ ಕೂಸು ಬಂದಿದೆಯಂತೆ. ಪಕ್ಕದ ಮನೆಯಿಂದ ತಂದ ಹೀಟರು ಹಚ್ಚಿದರೆ ನಮ್ಮ ಫ್ಯೂಸೇ ಹಾರುತ್ತದೆ. ರಿಪೇರಿಯವನು ಫೋನಿನಲ್ಲಿ, ಸೋಮವಾರದವರೆಗೂ ಬರಕ್ಕಾಗಲ್ಲ ಅಣ್ಣ, ಈ ಚಳೀಲಿ ಊರಿನ ಒಲೆಗಳೆಲ್ಲ ಒಟ್ಟಿಗೇ ಮುಷ್ಕರ ಹೂಡಿವೆ, ಗುಳಿಗೆ ಯಾವಾಗ ತುಂಬಿದ್ರಿ — ಅವಳು ಹುಟ್ಟಿದ ದಿನ. ಅವತ್ತೇ ಓಡಿ ಬಂದು, ಮೂಟೆ ಬಿಚ್ಚಿ, ಕಂಠಮಟ್ಟ ತುಂಬಿದ್ದೆ, ಎಲ್ಲರ ಹಾಗೆ ಮೂರು ದಿನಕ್ಕೆ ಕಳಿಸುತ್ತಾರೆಂದುಕೊಂಡು, ಆಮೇಲೆ ಇತ್ತ ತಿರುಗಿ ನೋಡಿದವರಾರು, ಆಸ್ಪತ್ರೆಯ ಬೆಂಚೇ ಮನೆ, ಇಲ್ಲಿ ತೆರೆದೇ ಉಳಿದ ಕಿಟಕಿ, ಒಳಗೆ ಬಂದು ಕೂತ ಮಂಜು. ತೇವ ಕುಡಿದಿವೆ ಅಣ್ಣ, ಮರದ ಪುಡಿ ಒತ್ತಿ ಮಾಡಿದ್ದಲ್ವಾ, ಬಟ್ಟಲಿಗೆ ತಳ್ಳೋ ತಿರುಪಿನೊಳಗೆ ಊದ್ಕೊಂಡು ಕಲ್ಲಾಗಿರ್ತವೆ, ಕರೆಂಟು ತೆಗೆದು, ಮೋಟಾರು ಬಿಚ್ಚಿ, ತಿರುಪನ್ನ ಕೈಯಲ್ಲೇ ಹಿಂದಕ್ಕೆ ತಿರುಗ್ಸಿ, ಜೋರು ಮಾಡ್ಬೇಡಿ, ಮುರಿದ್ರೆ ನನ್ನನ್ನ ಕೇಳ್ಬೇಡಿ. ಅವಳಿಗಾಗಿ ನಾನು ಮಾಡಿದ್ದು ಅದೊಂದೇ ಕೆಲಸ, ಅದೇ ಕಲ್ಲಾಗಿ ಕೂತಿದೆ. ಸ್ಕ್ರೂಡ್ರೈವರಿನಿಂದ ಕೆರೆಯುತ್ತೇನೆ, ಕಂದು ಹೆಂಟೆ, ಮತ್ತೆ ಹೆಂಟೆ, ಉಗುರು ಸೀಳಿತು, ಸೀಳಲಿ. ಅತ್ತೆ ಸ್ವೆಟರಿನ ಮೇಲೆ ಸ್ವೆಟರು ಏರಿಸಿಕೊಂಡು ಬಾಗಿಲಲ್ಲಿ, ನಮ್ಮ ಕಾಲದಲ್ಲಿ ಒಂದು ಕಡ್ಡಿ ಗೀರಿದ್ರೆ ಆಗ್ತಿತ್ತು ಅಳಿಯಂದ್ರೇ, ಈಗ ಒಲೆ ಹಚ್ಚೋಕೂ ಡಿಗ್ರಿ ಬೇಕು ನೋಡಿ, ಎಂದು ತಾವೇ ನಗಲು ಹೋಗಿ ನಗಲಾರದೆ ಕಣ್ಣೊರೆಸಿಕೊಳ್ಳುತ್ತಾರೆ. ಮೊಣಕೈವರೆಗೆ ಮಸಿ. ಆಸ್ಪತ್ರೆಯಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆದ ಮೇಲೆಯೇ ಪೆಟ್ಟಿಗೆಯ ಕಂಡಿಯೊಳಗೆ ಕೈ ಹಾಕಲು ಬಿಡುತ್ತಿದ್ದರು, ಒಂದೇ ಬೆರಳು ಚಾಚಿದೆ, ಹಿಡಿದುಕೊಂಡಳು, ಬಿಡಲೇ ಇಲ್ಲ, ಸಮಯ ಆಯ್ತು ಎಂದು ನರ್ಸೇ ಬಿಡಿಸಬೇಕಾಯಿತು. ತಿರುಪು ಅಲುಗಿತು, ಅಲುಗಿತೇ — ಫೋನು, ಆಸ್ಪತ್ರೆಯಿಂದ ಹೆಂಡತಿ, ಹೊರಟ್ವಿ, ಮನೆ ಬೆಚ್ಚಗಿದೆ ತಾನೇ? ಇದೆ, ಎಂದೆ. ದನಿ ಯಾಕೆ ನಡುಗ್ತಿದೆ? ಖುಷಿಗೆ. ಯಾಕೆ ಹಾಗೆಂದೆ, ಇಲ್ಲ ಎಂದಿದ್ದರೆ ಎಲ್ಲಿಗೆ ಹೋಗುತ್ತಾಳೆ, ಆ ಚಳಿಯಲ್ಲಿ, ಕೂಸನ್ನೆತ್ತಿಕೊಂಡು — ತಿರುಪು ಕಟ್ ಎಂದಿತು, ಮುರಿಯಿತು ಎಂದುಕೊಂಡೆ, ಮುರಿದಿಲ್ಲ, ಅರ್ಧ ಸುತ್ತು, ಮತ್ತರ್ಧ, ಬೆರಳುದ್ದದ ಕಲ್ಲು ಉದುರಿ ನೆಲದ ಮೇಲೆ ಪುಡಿಯಾಯಿತು. ಮೋಟಾರು ಕೂರಿಸಿದೆ, ತೇವದ ಗುಳಿಗೆಯನ್ನೆಲ್ಲ ಬಾಚಿ ತೆಗೆದು ಹೊಸ ಒಣ ಮೂಟೆ ಬಿಚ್ಚಿ ಸುರಿದೆ, ಗುಂಡಿ ಒತ್ತಿದೆ. ಹೊತ್ತಿಕೊಳ್ಳಲು ಹತ್ತು ನಿಮಿಷ ಬೇಕಂತೆ. ಟಕ್. ಇನ್ನೊಂದು ಟಕ್. ಹೊಗೆ, ಬರೀ ಹೊಗೆ, ಒಲೆಯ ಬಾಗಿಲಿನ ಗಾಜೆಲ್ಲ ಬಿಳಿಚಿಕೊಂಡಿತು, ಬೀದಿಯಲ್ಲಿ ಕಾರು ನಿಂತ ಸದ್ದು, ಅತ್ತೆಯ ಓಡುವ ಹೆಜ್ಜೆ, ಬಂದ್ರು ಅಳಿಯಂದ್ರೇ, ಏಳಿ, ಏಳಬೇಕು, ಕೈ ತೊಳೆಯಬೇಕು, ಮೊಣಕೈವರೆಗೆ, ಏಳಲಾರೆ, ಹನ್ನೊಂದೇ ಡಿಗ್ರಿ, ಬೆಚ್ಚಗಿದೆ ಎಂದಿದ್ದೆನಲ್ಲ, ಮೆಟ್ಟಿಲ ಮೇಲೆ ಅವಳ ಚಪ್ಪಲಿ, ಹೊಗೆಯ ಹಿಂದೆ ಏನೋ ಕೆಂಪಗೆ, ಗೋಲಿಯಷ್ಟು, ತೆರೆಯುತ್ತದೆ, ಮುಚ್ಚುತ್ತದೆ, ಗಾಜಿನ ಈಚೆ ನಾನು, ತೆರೆಯುತ್ತದೆ — ಮುಚ್ಚುತ್ತದೆ —