ಬಿಪಿ ಪುಸ್ತಕದ ಇನ್ನೂರೈವತ್ತನಾಲ್ಕು

ಅತ್ತೆಯ ತೋಳಿಗೆ ಸುತ್ತಿದ್ದ ಪಟ್ಟಿ ಪುಸ್ಸೆಂದು ಗಾಳಿ ಬಿಟ್ಟಿತು. ನೂರಮೂವತ್ತೆರಡು, ಎಂಬತ್ತು. ಬರೆದಿಡಲು ಬಿಪಿ ಪುಸ್ತಕ ತೆರೆದ ಸೊಸೆ ಪೆನ್ನು ಕೆಳಗಿಟ್ಟಳು. ಹಿಂದಿನ ಪುಟದಲ್ಲಿ ಅತ್ತೆಯ ಕೈಯಲ್ಲೇ ಬರೆದ ನಾಲ್ಕು ಅಂಕಿಗಳಿದ್ದವು, ನಡುನಡುವೆ ಚುಕ್ಕಿ. ಕೊನೆಯದು ಇನ್ನೂರೈವತ್ತನಾಲ್ಕು!

"ಅತ್ತೆ, ಇಷ್ಟು ಯಾವಾಗ ಏರಿತ್ತು?"

"ಅವತ್ತು ಮಿಷನ್ನಿಗೇ ತಲೆ ಕೆಟ್ಟಿತ್ತು ಬಿಡು," ಎಂದು ಅತ್ತೆ ಪುಸ್ತಕ ಮುಚ್ಚಿದರು.

ಒಳಕೋಣೆಯಿಂದ ಗಂಡ ಕೂಗಿದ. "ಇದು ಹ್ಯಾಕರ್ ಕೆಲಸಾನೇ ಕಣೇ! ಮೂರು ದಿನ ಆಯ್ತು!"

ಮನೆಯಲ್ಲೇ ಕೂತು ಆಫೀಸಿನ ಕೆಲಸ ಮಾಡುವವನು ಅವನು. ಆಫೀಸಿನ ಮೇಲ್‌ಗಳೇನೋ ಸರಾಗವಾಗಿ ಬರುತ್ತಿದ್ದವು. 'ಮೀಟಿಂಗ್' ಎಂದು ಬಾಗಿಲು ಹಾಕಿಕೊಂಡು ಆಡುತ್ತಿದ್ದ ಬಲೂನು ಒಡೆಯುವ ಆಟ ಮಾತ್ರ ತೆರೆಯುತ್ತಿರಲಿಲ್ಲ. ಬಲೂನು ಟಪ್ಪೆನ್ನುವ ಸದ್ದು ಅಡುಗೆಮನೆಗೂ ಕೇಳುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಅವಳ ಸಂಕಟವೇ ಬೇರೆ. ಹೊಲಿಗೆ ಕಲಿಸುವ ಅವಳ ತರಗತಿ ನಡೆಯುವ ವಿಡಿಯೋ ತಾಣವೂ ಮುಚ್ಚಿತ್ತು. ಹದಿನಾಲ್ಕು ಜನ ಕಲಿಯುವವರು. ಇವತ್ತು ಹನ್ನೊಂದು ಗಂಟೆಯ ತರಗತಿಯೂ ತಪ್ಪಿದರೆ ಬೇರೆ ಕಡೆ ಸೇರುತ್ತೇವೆಂದು ಮೆಸೇಜು ಬಂದಿತ್ತು.

ಹತ್ತೂವರೆಗೆ ಇಂಟರ್ನೆಟ್ ರಿಪೇರಿಯವನಿಗೆ ಫೋನು ಹಚ್ಚಿದಳು. ಅವನು ಹೇಳಿದಂತೆ ರೌಟರನ್ನು ಬೋರಲು ಹಾಕಿ, ತಳದ ಚೀಟಿಯಲ್ಲಿದ್ದ ಪಾಸ್‌ವರ್ಡ್ ನೋಡಿ, ಲ್ಯಾಪ್‌ಟಾಪಿನಲ್ಲಿ ಅದರ ಪುಟ ತೆರೆದಳು.

"ಡಿಎನ್‌ಎಸ್ ಅಂತ ಇದೆಯಲ್ಲ, ಅಲ್ಲಿರೋದನ್ನ ಓದಿ ಅಕ್ಕಾ. ಯಾವ ತಾಣ ಎಲ್ಲಿದೆ ಅಂತ ವಿಳಾಸ ಹೇಳೋದು ಅದೇ."

ಅವಳು ಓದುತ್ತಾ ಹೋಗಿ ಕೊನೆಯ ಅಂಕಿಗೆ ಬಂದಾಗ ದನಿ ತಾನಾಗಿ ಇಳಿಯಿತು. ಇನ್ನೂರೈವತ್ತನಾಲ್ಕು.

"ಅಯ್ಯೋ, ಇದು ಮಕ್ಕಳಿರೋ ಮನೆಗೆ ಹಾಕ್ಸೋದು ಅಕ್ಕಾ! ಆಟ, ವಿಡಿಯೋ ಯಾವುದಕ್ಕೂ ವಿಳಾಸ ಹೇಳಲ್ಲ. ನಿಮ್ಮನೇಲಿ ಚಿಕ್ಕ ಮಕ್ಕಳು ಇದಾರಾ?"

"ಒಬ್ಬರಿದ್ದಾರೆ. ನಲವತ್ತೆಂಟು ವರ್ಷ."

ಮೊನ್ನೆ ಅತ್ತೆ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ತಮ್ಮ ತಂಗಿಯ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಾ, ಒಂದು ಗಂಟೆ ರೌಟರಿನ ಧೂಳು ಒರೆಸಿದ್ದು ಈಗ ನೆನಪಾಯಿತು. ಅಂಗೈಯಗಲದ ಪೆಟ್ಟಿಗೆಗೆ ಒಂದು ಗಂಟೆ!

"ರೌಟರಲ್ಲೇ ಬದಲಾಯಿಸಿದರೆ ಮನೆಗೆಲ್ಲ ಸರಿಹೋಗುತ್ತೆ. ಇಲ್ಲ, ನಿಮ್ಮ ಲ್ಯಾಪ್‌ಟಾಪಲ್ಲಿ ಮಾತ್ರ ಬೇರೆ ನಂಬರ್ ಹಾಕಿಕೊಂಡರೂ ನಿಮ್ಮ ಕ್ಲಾಸ್ ನಡೆಯುತ್ತೆ."

"ಈಗ ಲ್ಯಾಪ್‌ಟಾಪಿಗೆ ಸಾಕು," ಎಂದಳು.

ತರಗತಿ ನಡೆಯಿತು. ಹದಿನಾಲ್ಕೂ ಮುಖಗಳು ಬಂದವು. ಅವಳು ತೋಳಿನ ತಿರುವು ಕತ್ತರಿಸಿ ತೋರಿಸಿದಳು.

ಮಧ್ಯಾಹ್ನ ಗಂಡ ಕರೆಯದೆಯೇ ಊಟಕ್ಕೆ ಬಂದ. ಅವನು ಹೀಗೆ ಬರುತ್ತಿದ್ದುದು ಇದು ಮೂರನೆಯ ದಿನ.

"ಹ್ಯಾಕರ್ ಸಿಕ್ಕಿದನಾ?"

"ಹುಡುಕ್ತಾ ಇದಾರಂತೆ ರೀ."

"ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರಲಿ," ಎಂದರು ಅತ್ತೆ, ತಟ್ಟೆಯಿಂದ ತಲೆ ಎತ್ತದೆ. "ನನ್ನ ಮಗ ಬಿಸಿ ಅನ್ನ ಉಣ್ಣೋದು ನೋಡಿದೆ."

ಗಂಡ ಸ್ವಲ್ಪ ಹೊತ್ತು ತಟ್ಟೆಯ ಅಂಚನ್ನು ಬೆರಳಲ್ಲಿ ತಟ್ಟಿದ, ಬಲೂನು ಹುಡುಕುವವನಂತೆ. ಆಮೇಲೆ ಕೇಳಿದ. "ಅಲ್ಲಾ ಕಣೇ, ನಿನ್ನ ಕ್ಲಾಸಿನವರು ಈಗ ಏನು ಹೊಲೀತಾರೆ?"

ತರಗತಿ ಶುರುವಾಗಿ ಏಳು ತಿಂಗಳಾಗಿತ್ತು. ಅವನು ಕೇಳಿದ್ದು ಇದೇ ಮೊದಲು.

"ತೋಳು," ಎಂದಳು. ತೋಳಿನ ವಿಷಯ ಅಷ್ಟು ಹೊತ್ತು ಹೇಳಲು ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ರಿಪೇರಿಯವನ ಫೋನು ಬಂತು. "ಅಕ್ಕಾ, ರೌಟರ್ ಸರಿ ಮಾಡೋಣವಾ?" ಅತ್ತೆ ಪಟ್ಟಿ ಸುತ್ತಿಸಿಕೊಳ್ಳಲು ತೋಳು ಚಾಚಿ ಕೂತಿದ್ದರು, ಕಣ್ಣು ಮಾತ್ರ ಫೋನಿನ ಮೇಲೆ.

"ಎಲ್ಲಾ ಸರಿಯಾಗಿದೆಯಪ್ಪಾ, ನೀನು ಬರೋದು ಬೇಡ," ಎಂದು ಅವಳು ಫೋನಿಟ್ಟಳು. ಬಿಪಿ ಪುಸ್ತಕ ತೆರೆದು, ಆ ನಾಲ್ಕು ಅಂಕಿಗಳಿದ್ದ ಪುಟವನ್ನು ಮೆಲ್ಲಗೆ ಮಗುಚಿ, ಹೊಸ ಪುಟದಲ್ಲಿ ತಾರೀಖು ಬರೆದಳು.