ಆಗದೇ ಹೋದ ಪ್ರಾಣಿಗಳ ಕಣ್ಣು

ಎದುರು ಬೆಂಚಿನ ಕಾಲು ಹೋಯಿತು, ಈಗಷ್ಟೇ ಇತ್ತು, ಮಗಳ ಚಪ್ಪಲಿಯೂ ಹೋಯಿತು, ಬೆಂಚೂ ಮಗಳೂ ಗಾಳಿಯಲ್ಲಿ ನಿಂತಿದ್ದಾರೆ — ಕಪ್ಪು ಏರುತ್ತಿದೆ, ಕೆಳಗಿನಿಂದ, ನನ್ನ ಬಲಗಣ್ಣಿನೊಳಗೆ, ನೋಟ ತಗ್ಗಿಸಿದರೆ ಅದೂ ತಗ್ಗುತ್ತದೆ, ಎತ್ತಿದರೆ ಅದೂ ಬೆನ್ನು ಹತ್ತಿ ಬರುತ್ತದೆ, ಶನಿ, ಅದಕ್ಕೇ ನಾನು ಮಗಳ ಕಣ್ಣು ಬಿಟ್ಟು ಬೇರೆ ಎಲ್ಲೂ ನೋಡುತ್ತಿಲ್ಲ, ಅಲ್ಲಿಂದ ಎಷ್ಟು ಕೆಳಗಿದೆ ಎಂದು ಅಳೆಯಬಹುದು. ತಲೆ ಹಿಂದಕ್ಕೆ ಒರಗಿಸ್ಕೊಂಡು ಅಲುಗಾಡದೆ ಕೂತ್ಕೊಳ್ಳಿ ಅಮ್ಮಾ, ಕಣ್ಣಿನೊಳಗಿನ ಪರದೆ ಕಿತ್ಕೊಂಡು ಬರ್ತಿದೆ, ಆಪರೇಷನ್ ಡಾಕ್ಟ್ರು ಇನ್ನೊಂದು ಆಸ್ಪತ್ರೆಯಿಂದ ಹೊರಟಿದಾರೆ, ಕಪ್ಪು ನಡುಮಧ್ಯ ಮುಟ್ಟೋದ್ರೊಳಗೆ ಬಂದ್ರೆ ದೃಷ್ಟಿ ಉಳಿಸ್ಬೋದು, ಮುಟ್ಟಿಬಿಟ್ರೆ, ಎಂದು ಇಲ್ಲಿಯ ಡಾಕ್ಟರಮ್ಮ ಮಾತು ನಿಲ್ಲಿಸಿ ಚೀಟಿ ಬರೆಯತೊಡಗಿದಳು, ಮುಟ್ಟಿಬಿಟ್ಟರೆ ಏನು, ಹೇಳಬಾರದಾ ಬಾಯಿಬಿಟ್ಟು, ನನ್ನ ಎಡಗಣ್ಣು ಹುಟ್ಟಿನಿಂದ ಹೆಸರಿಗೆ ಮಾತ್ರ ಕಣ್ಣು, ಬೆಳಕೋ ಕತ್ತಲೋ ಅಷ್ಟು ಗೊತ್ತಾಗುತ್ತದೆ, ಇರುವುದು ಇದೊಂದೇ. ಎಷ್ಟು ಗಂಟೆಯೇ, ಮೂರಾಗ್ತಾ ಬಂತಮ್ಮ, ಎರಡಕ್ಕೆ ಬರ್ತಾರೆ ಅಂದ್ರಲ್ಲೇ, ಟ್ರಾಫಿಕ್ಕಂತೆ, ಅದರ ಮನೆ ಹಾಳಾಗ. ಮಗಳು ಮಡಿಲಲ್ಲಿ ಫೈಲು ಇಟ್ಟುಕೊಂಡಿದ್ದಾಳೆ, ಫೈಲಿನ ಕೆಳಗಂಚು ಇನ್ನೂ ಕಾಣುತ್ತಿದೆ.

ನಾಲ್ಕು ದಿನ ಹಾಳು ಮಾಡಿದೆ, ನಾನೇ, ಬೇರೆ ಯಾರನ್ನು ಬೈಯಲಿ — ಮ್ಯೂಸಿಯಮ್ಮಿನಲ್ಲಿ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸಿದ ಪ್ರಾಣಿಗಳಿಗೆ ಗಾಜಿನ ಕಣ್ಣು ಮಾಡುವವಳು ನಾನು, ಮೂವತ್ತೊಂದು ವರ್ಷ, ಹುಲಿಗೆ ಜೇನುಬಣ್ಣ, ಜಿಂಕೆಗೆ ಕಡುಕಂದು, ಒಂದೇ ಒಂದು ಚುಕ್ಕೆ ಕಂಡರೂ ಕಸದ ಬುಟ್ಟಿಗೆ, ಅದು ನನ್ನ ಕೊಬ್ಬು. ಈ ವರ್ಷ ಮೂಳೆ ಸಾಹೇಬರಿಗೆ ಹೊಸ ಹುಚ್ಚು, ಮ್ಯೂಸಿಯಮ್ಮಿನ ಮುಖ್ಯಸ್ಥರು ಅವರು, ಮೂಳೆ ಕಂಡರೆ ಊಟ ಮರೆಯುತ್ತಾರೆಂದು ನಾವಿಟ್ಟ ಹೆಸರು, ಈ ಭೂಮಿಯಲ್ಲಿ ಆಗದೇ ಹೋದ, ಇನ್ನೊಂದು ಭೂಮಿಯಲ್ಲಿ ಆಗಿರಬಹುದಾದ ಪ್ರಾಣಿಗಳಿಗೆಂದೇ ಒಂದು ಕೋಣೆ, ರೆಕ್ಕೆ ಬಂದ ಇಲಿ, ಸಮುದ್ರಕ್ಕೇ ವಾಪಸಾದ ಕುದುರೆ, ನೆಲ ಹತ್ತಿ ಎಂಟು ಕಾಲಲ್ಲಿ ನಡೆದ ಆಕ್ಟೋಪಸ್ಸು. ಆಕ್ಟೋಪಸ್ಸಿಗೆ ನಿಂಬೆಹಣ್ಣಿನ ಗಾತ್ರದ ಎರಡು ಕಣ್ಣು ಬೇಕು, ಅಡ್ಡಗೆರೆಯ ಪಾಪೆ, ಮೊದಲನೆಯದು ಮಾಡಿ ದೀಪಕ್ಕೆ ಹಿಡಿದರೆ ಚುಕ್ಕೆ, ಎರಡನೆಯದರಲ್ಲೂ ಚುಕ್ಕೆ, ಹನ್ನೊಂದು ಕಣ್ಣು ಎಸೆದೆ, ಗಾಜು ತಂದುಕೊಡುವವನಿಗೆ ಫೋನು ಮಾಡಿ ಮಾನ ಹರಾಜು ಹಾಕಿದೆ, ಅದೇ ಗಾಜು ಕಣಮ್ಮ, ನನ್ನಾಣೆ ಅದೇ ಗಾಜು, ಪಾಪ. ಊಟದ ಡಬ್ಬಿ ಕೊಡಲು ಬಂದ ಮಗಳು ಬುಟ್ಟಿಯಿಂದ ಒಂದು ಕಣ್ಣೆತ್ತಿ ಕಿಟಕಿಗೆ ಹಿಡಿದು, ಅಮ್ಮಾ ಇದ್ರಲ್ಲಿ ಏನೂ ಇಲ್ಲ, ಚುಕ್ಕೆ ನಿನ್ನ ಕಣ್ಣಲ್ಲೇ ಇದೆ, ನಡಿ ಡಾಕ್ಟ್ರ ಹತ್ರ. ಔಷಧಿ ಅಂಗಡಿಯಲ್ಲಿ ನಿಂತೂ ನಿಂತೂ ಅರ್ಧ ಡಾಕ್ಟರಾಗಿಬಿಟ್ಯಾ, ಮೂವತ್ತೊಂದು ವರ್ಷ ಗಾಜು ನೋಡಿದೋಳಿಗೆ ಹೇಳ್ಕೊಡೋಕೆ ಬರ್ಬೇಡ, ಹೋಗು. ಅವಳು ಡಬ್ಬಿ ಮೇಜಿನ ಮೇಲಿಟ್ಟು ಹೋದಳು.

ಅದೇ ಆಕ್ಟೋಪಸ್ಸು ಈಗ ತಲೆಯಿಂದ ಇಳಿಯುತ್ತಿಲ್ಲ — ನಮ್ಮ ಕಣ್ಣು ಒಳಮೈ ಹೊರಗಾಗಿ ಹೊಲಿದ ಅಂಗಿ ಕಣಮ್ಮ, ಮೂಳೆ ಸಾಹೇಬರು ಚಿತ್ರ ಬರೆದು ತೋರಿಸಿದ್ದರು, ನರಗಳೆಲ್ಲ ಪರದೆಯ ಮುಂದೆ, ಪರದೆ ಹಿಂದಿನ ಗೋಡೆಗೆ ಸುಮ್ನೆ ಆನಿಸಿಟ್ಟ ಹಾಗೆ, ಆಕ್ಟೋಪಸ್ಸಿಂದು ನೋಡು, ನರ ಹಿಂದೆ, ಬಿಗಿಯಾಗಿದೆ, ಸುಲಭಕ್ಕೆ ಕಿತ್ಕೊಂಡು ಬರಲ್ಲ. ಹಂಗಾದ್ರೆ ನಮಗೆ ಹೊಲಿದ ದರ್ಜಿ ಕೈಕೊಟ್ಟ ಅನ್ನಿ ಸಾಹೇಬ್ರೇ, ಎಂದು ನಕ್ಕಿದ್ದೆ, ನಕ್ಕಿದ್ದೆನಲ್ಲ. ಆ ಇನ್ನೊಂದು ಭೂಮಿಯಲ್ಲಿ ಆಕ್ಟೋಪಸ್ಸು ನೆಲಕ್ಕೆ ಬಂದು, ಅದರ ಮಕ್ಕಳು ಮರಿಮಕ್ಕಳಲ್ಲಿ ಒಬ್ಬಳು ನಾನಾಗಿ, ನಾಲ್ಕು ತೋಳಲ್ಲಿ ಗಾಜು ಊದುತ್ತ, ಮಿಕ್ಕ ನಾಲ್ಕರಲ್ಲಿ ಮಗಳ ಜುಟ್ಟು ಹಿಡಿದು ಬಾಚುತ್ತ, ಕಣ್ಣು ಕಲ್ಲಿನಂತೆ ಗಟ್ಟಿ — ಅಥವಾ ಚಿಪ್ಪಿನ ಅಂಚಿಗೆ ಸಾಲಾಗಿ ಇನ್ನೂರು ಕಣ್ಣಿರುವ ಪ್ರಾಣಿ ಇದೆಯಂತೆ, ಅದು ಬೆಳೆದು ಊರು ಕಟ್ಟಿದ್ದರೆ, ಒಂದು ಕಣ್ಣು ಹೋಯ್ತಾ, ಹೋಗ್ಲಿ ಬಿಡು, ನೂರ ತೊಂಬತ್ತೊಂಬತ್ತಿಲ್ವಾ — ಅಥವಾ ಹಲ್ಲಿಗೆ ಬಾಲ ಚಿಗುರಿದ ಹಾಗೆ ನಮಗೆಲ್ಲ ಕಣ್ಣು ಚಿಗುರುವಂತಿದ್ದರೆ, ಎರಡು ವಾರ ರಜೆ ಹಾಕಿ ಮನೆಯಲ್ಲಿ ಕೂತರಾಯಿತು — ಅಥವಾ ಯಾರಿಗೂ ಕಣ್ಣೇ ಬರದ ಭೂಮಿ, ಹುಲಿಯೂ ಮೂಗಲ್ಲೇ, ಜಿಂಕೆಯೂ ಮೂಗಲ್ಲೇ, ಮ್ಯೂಸಿಯಮ್ಮಿನಲ್ಲಿ ನಾನು ಮೇಣದ ಮೂಗು ಮಾಡಿಕೊಂಡು, ಸೋಪು ಮತ್ತು ಮಾತ್ರೆಯ ವಾಸನೆ ಬಂದರೆ ಮಗಳು ಬಂದಳು ಎಂದುಕೊಂಡು, ಅದೇನು ಕಡಿಮೆ ಬಾಳಾ, ಚೆನ್ನಾಗೇ ಇರುತ್ತಿತ್ತು, ಸುಳ್ಳು, ಸುಳ್ಳು ಹೇಳಿಕೊಳ್ಳುತ್ತಿದ್ದೇನೆ, ನನಗೆ ಬೇಡ ಆ ಭೂಮಿ, ನನಗೆ ಭಯವಾಗುತ್ತಿದೆ. ಫೈಲು ಎಲ್ಲಿ, ಫೈಲು ಕೆಳಗಿಟ್ಯಾ, ಇಲ್ಲಮ್ಮ ಕೈಯಲ್ಲೇ ಇದೆ, ಹೌದಾ, ಅವಳ ಕೈ ಎಲ್ಲಿ.

ಅಳ್ತಿದೀಯೇನೇ, ಇಲ್ಲಮ್ಮ, ಅಳ್ತಿದೀಯಾ, ಇಲ್ಲ ಅಂದ್ನಲ್ಲ — ಭುಜಗಳು ಹೋದವು, ಕತ್ತೊಂದು ಕಪ್ಪು ನೀರಿನಿಂದ ಎದ್ದಿದೆ, ಗದ್ದ ಇದೆ, ಗದ್ದ ಅವರಪ್ಪಂದು, ಅದರ ಮೇಲೆ ಸಣ್ಣ ಗಾಯದ ಗುರುತು, ಯಾವಾಗ ಬಿದ್ದಿದ್ದಳು, ಕೇಳಿದ್ದೇನಾ ನಾನು, ಸಾವಿರಾರು ಕಣ್ಣು ಮಾಡಿದೆ, ಇವಳ ಮುಖವನ್ನು ಹೀಗೆ ಕೂತು ಒಂದು ಗಳಿಗೆ ನೋಡಿದ್ದಿಲ್ಲ, ಅವತ್ತು ಬೈದದ್ದು ತಪ್ಪು ಕಣೇ ಎಂದು ಹೇಳಬೇಕು. ಗದ್ದ ಹೋಯಿತು. ಸಿಸ್ಟರ್ ಓಡಿ ಬಂದ ಸದ್ದು, ಅಮ್ಮಾ ಡಾಕ್ಟ್ರು ಗೇಟ್ ಹತ್ರ ಬಂದ್ರು, ಕೈ ತೊಳ್ಕೊಂಡು ಬಂದೇಬಿಡ್ತಾರೆ, ಗೇಟು ಎಷ್ಟು ದೂರ, ಕೈ ತೊಳೆಯಲು ಎಷ್ಟು ಹೊತ್ತು, ನಡಿಯಮ್ಮ ಎನ್ನುತ್ತಿದ್ದಾಳೆ ಮಗಳು, ಬಾಯಿ ಇಲ್ಲ, ಬಾಯಿಲ್ಲದೆ ಅನ್ನುತ್ತಿದ್ದಾಳೆ, ನಗುತ್ತಾ ಅಂದಳೋ ಅಳುತ್ತಾ ಅಂದಳೋ, ಏಳ್ಬೇಡ್ವೇ, ಒಂದು ನಿಮಿಷ ಅಲ್ಲೇ ಕೂತಿರು, ನನ್ನೇ ನೋಡ್ತಿರು, ಮೂಗಿನ ತುದಿ ಹೋಯಿತು, ಕಣ್ಣಿದೆ, ಎರಡೂ ಇವೆ, ಒದ್ದೆಯಾಗಿವೆ, ಕಂದು, ಅಂಚಿಗೆ ಸ್ವಲ್ಪ ಹಸಿರು, ಈ ಬಣ್ಣ ನನಗೆ ಬೆರೆಸಲು ಬರುವುದಿಲ್ಲ, ಮಿಟುಕಿಸಬೇಡ, ಇನ್ನೂ ಇವೆ, ಮಿಟುಕಿಸಬೇಡ ಕಣೇ, ಇವೆ