ಎಡದ ಎಸಳು

ತಿರುಗುತ್ತಿದೆ, ಗಾಳಿಗಿಂತ ಸದ್ದೇ ಹೆಚ್ಚು, ಸರಕಾರಿ ಫ್ಯಾನು, ಸುತ್ತಿಗೊಮ್ಮೆ ಟಕ್ ಅನ್ನುತ್ತದೆ, ಮೇಜಿನ ಮೇಲಿನ ನಾಮಪತ್ರಗಳು ಹಾರದಿರಲೆಂದು ಸ್ಟೀಲ್ ಲೋಟ ಇಟ್ಟಿದ್ದಾರೆ, ಇಷ್ಟು ದೊಡ್ಡ ಕುಮಟಾ ಪುರಸಭೆಗೆ ಒಂದು ಪೇಪರ್‌ವೇಟಿಗೂ ಗತಿಯಿಲ್ಲ, ನಾನು ಮೆಂಬರಾಗಿದ್ದರೆ — ಎಲ್ಲಿಯ ಮೆಂಬರು, ಆಗುವವಳು ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳಲ್ಲ, ಸುಚಿತಾ, ನನ್ನ ಮೈದುನನ ಹೆಂಡತಿ, ಭಟ್ಕಳ ಮಲ್ಲಿಗೆ ಮುಡಿದು, ಮದುವೆ ಮಂಟಪಕ್ಕೆ ಹೊರಟವಳ ಹಾಗೆ, ಅಕ್ಕ ನೀರು ಕುಡೀತ್ರಾ ಅಂತ ಬಾಟಲಿ ಚಾಚುತ್ತಾಳೆ, ಬೇಡ ಮಾರಾಯ್ತಿ, ನಿನ್ನ ನೀರು ನೀನೇ ಕುಡಿ. ಇವಳಿಗೆ ನೀರು ಎಲ್ಲಿಂದ ಬರುತ್ತದೆ ಅಂತಾದರೂ ಗೊತ್ತಾ, ಕಾಗಾಲದಿಂದ ಸೊಸೆಯಾಗಿ ಬಂದವಳು ನಿನ್ನೆ ಮೊನ್ನೆ, ನಲ್ಲಿಯಲ್ಲಿ ಬರೀ ಗಾಳಿ ಬರುತ್ತಿದ್ದ ಬೇಸಿಗೆಗಳಲ್ಲಿ ಕೊಡಪಾನ ಹಿಡಿದುಕೊಂಡೇ ಇದೇ ಆಫೀಸಿನ ಮೆಟ್ಟಿಲ ಮೇಲೆ ಕೂತವಳು ನಾನು, ವಾಲ್ವ್ ತಿರುಗಿಸುವವನ ಹೆಂಡತಿಯ ಸೀಮಂತಕ್ಕೂ ಹೋಗಿ ಬಂದವಳು ನಾನು, ನಲ್ಲಿ ಸರೋಜಕ್ಕ ಅಂತಲೇ ಕೇರಿಯೆಲ್ಲ ಕರೆಯುವುದು, ಕರೆಯಲಿಕ್ಕೆ ಸರೋಜಕ್ಕ, ಕಳಿಸಲಿಕ್ಕೆ ಸುಚಿತಾ. ಹೌದು, ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚಲ್ಲದೆ ಮತ್ತೆಂತ, ಅತ್ತೆಯೂ ಮೀನಿನ ತಲೆ ಅವಳ ಬಟ್ಟಲಿಗೇ ಹಾಕುತ್ತಾರೆ, ಹಾಡು ಹೇಳುತ್ತಾಳಂತೆ, ನಗುತ್ತಾಳಂತೆ, ನಗಲಿ, ನನಗೂ ಹಲ್ಲಿಲ್ಲವಾ.

ಚೀಲ ತೊಡೆಯ ಮೇಲಿದೆ, ಜಿಪ್ಪು ಹೋದ ಚೀಲ, ಒಳಗೆ ನನ್ನದೇ ಹೆಸರಿನ ನಾಮಪತ್ರ, ಅದರ ಜೊತೆಗೆ ಪಕ್ಷದ ಬಿ ಫಾರಂ, ಸಹಿ ಸೀಲು ಎಲ್ಲ ಬಿದ್ದದ್ದು, ನಿನ್ನೆ ಮೀನು ಪೇಟೆಯ ಹತ್ತಿರ ಕಾರು ನಿಲ್ಲಿಸಿ ಪಕ್ಷದ ರವೀಂದ್ರ ಕೊಟ್ಟದ್ದು, ಅಕ್ಕ, ನಿಮ್ಮಂತೋರಿಗೆ ಅನ್ಯಾಯ ಆಗೂಕಾಗ, ಮೂರು ಗಂಟೆಯೊಳಗೆ ಕೊಟ್ಬಿಡಿ, ಉಳಿದದ್ದು ನಮ್ಗೆ ಬಿಡಿ. ನಿಮ್ಮಂತೋರು ಅಂದನಲ್ಲ, ಎಷ್ಟು ವರ್ಷವಾಯಿತು ಯಾರಾದರೂ ಹಾಗೆ ಅಂದು, ಗಂಡ ಅಂದದ್ದಿಲ್ಲ, ಕೇರಿಯ ಹಿರಿಯ ಅಣ್ಣಪ್ಪಣ್ಣ ಅಂದದ್ದಿಲ್ಲ, ಅವರಿಗೆ ಪಕ್ಷ ಅಂದರೆ ಮೈಯೆಲ್ಲ ಉರಿ, ವಿಧಾನಸಭೆಗೆ ಯಾವ ಬಾವುಟ ಬೇಕಾದ್ರೂ ಹಿಡೀರೋ, ಪುರಸಭೆಗೆ ಮಾತ್ರ ಕೇರಿ ಮನ್ಷ, ಪಕ್ಷೇತರ, ಆ ಗಟಾರ ನೆನಪದೆ ಅಲ್ದಾ ಅನ್ನುತ್ತಾರೆ, ನೆನಪಿಲ್ಲದೆ ಏನು, ಆ ಸಲ ಎರಡು ಪಕ್ಷಗಳು ಕೇರಿಗೆ ನುಗ್ಗಿ ಗೆದ್ದವನು ತನ್ನವರ ಮನೆಗಳ ತನಕ ಗಟಾರ ಕಟ್ಟಿಸಿ ನಿಲ್ಲಿಸಿದ, ನಿಂತದ್ದು ನಮ್ಮ ಬಾಗಿಲಲ್ಲೇ, ಮಳೆಗಾಲವಿಡೀ ಊರ ಕೊಳಕೆಲ್ಲ ನಮ್ಮ ಅಂಗಳಕ್ಕೆ, ಆ ಮನೆಯವರು ಈ ಮನೆಯ ಬಾಣಂತಿಗೆ ಬಿಸಿನೀರು ಕೊಡದೆ ಹೋದರು, ಆಮೇಲೇ ಅಲ್ಲವಾ ಈ ಪದ್ಧತಿ, ಒಬ್ಬರಿಗಿಂತ ಹೆಚ್ಚು ಹೆಸರು ಬಂದರೆ ಅಮ್ಮನ ಗುಡಿಯಲ್ಲಿ ಪ್ರಸಾದ ಕೇಳುವುದು, ಒದ್ದೆ ಎಸಳುಗಳನ್ನು ಅಮ್ಮನ ಎದೆಗೆ ಅಂಟಿಸುವುದು, ಯಾರ ಹೆಸರಿನ ಎಸಳು ಮೊದಲು ಬೀಳುತ್ತದೋ ಅವರು ನಿಲ್ಲುವುದು, ಉಳಿದವರು ಬಾಯಿ ಮುಚ್ಚಿ ಅವರಿಗೇ ಓಟು ಹಾಕುವುದು.

ಬಾಯಿ ಮುಚ್ಚಿ — ಮುಚ್ಚಿಯೇ ಇದ್ದೇನಲ್ಲ, ಆವತ್ತು ಅಮ್ಮನ ಎದೆಯ ಬಲಗಡೆ ಸುಚಿತಾಳ ಹೆಸರಿನದು, ಎಡಗಡೆ ನನ್ನದು, ಕೆಂಪು ದಾಸವಾಳದ ಎಸಳು, ಭಟ್ಟರು ಮಂತ್ರ ಹೇಳಿ ಹೇಳಿ ಬೆವತರು, ಕರೆಂಟು ಬೇರೆ ಹೋಗಿತ್ತು, ಗುಡಿಯೊಳಗೆ ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ, ಎರಡೂ ಎಸಳು ಹಾಗೆಯೇ, ಕೇರಿಗೆ ಕೇರಿಯೇ ಕಣ್ಣು ಮುಚ್ಚಿ ಕೈಮುಗಿದು ನಿಂತಿತ್ತು, ನಾನೊಬ್ಬಳು ಮುಚ್ಚಲಿಲ್ಲ, ಹೇಗೆ ಮುಚ್ಚಲಿ, ಬೀಳು ತಾಯಿ, ಎಡದ್ದು ಬೀಳು ಅಂತ ದಿಟ್ಟಿಸುತ್ತಿದ್ದೆ, ಅಷ್ಟರಲ್ಲಿ ಕರೆಂಟು ಬಂತು, ಮೇಲಿನ ಫ್ಯಾನು ಗಿರ್ರನೆ ತಿರುಗಿತು, ದೀಪದ ಕುಡಿ ಬಾಗಿತು, ಬಲದ ಎಸಳು ನಡುಗಿ ನಡುಗಿ ಕಳಚಿ ಬಿತ್ತು, ಫ್ಯಾನಿನ ಗಾಳಿಗೆ ಬಿತ್ತು, ಅಮ್ಮ ಕೊಟ್ಟದ್ದಲ್ಲ, ಭಟ್ಟರು ಬಲ ಪ್ರಸಾದ ಆತು ಅಂದರು, ಅಣ್ಣಪ್ಪಣ್ಣ ಗಂಟೆ ಬಾರಿಸಿದರು, ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು, ನನ್ನ ಎಸಳು ಅಲ್ಲೇ, ಅಷ್ಟು ಗಾಳಿಗೂ ಬೀಳದೆ, ಒದ್ದೆಯಾಗಿ, ಕಲ್ಲಿಗೆ ಕಚ್ಚಿಕೊಂಡು. ಹೇಳಬಹುದಿತ್ತು, ನಾಲಗೆಯ ತುದಿಗೆ ಬಂದಿತ್ತು, ಹೇಳಿದ್ದರೆ ಅತ್ತೆ ಎಂತ ಅನ್ನುತ್ತಿದ್ದರು, ನೋಡೇ ಸರೋಜನ ಹೊಟ್ಟೆಕಿಚ್ಚು ಅನ್ನುತ್ತಿದ್ದರು, ಇದ್ದದ್ದನ್ನೇ ಅನ್ನುತ್ತಿದ್ದರು, ಅದಕ್ಕೇ ನುಂಗಿದೆ, ನುಂಗಿದ್ದು ಇಳಿದಿಲ್ಲ. ಈಗ ಅಣ್ಣಪ್ಪಣ್ಣನ ಅಪ್ಪಣೆಯಂತೆ ಇವಳ ಫಾರಂ ತುಂಬಲಿಕ್ಕೂ ನಾನೇ, ಸರೋಜನ ಅಕ್ಷರ ದುಂಡಗದೆ, ಸೂಚಕಿನೂ ಅವ್ಳೇ ಆಗ್ಲಿ ಅಂದರು, ಇವಳ ಹೆಸರು ಸೂಚಿಸಿ ಸಹಿ ಹಾಕುವವಳೂ ನಾನೇ, ಸುಡಲಿ ನನ್ನ ಅಕ್ಷರ.

ಅಕ್ಕ, ಇಲ್ಲೊಂದು ಖಾಲಿ ಅದೆ, ಚಿಹ್ನೆ ಎಂತ ಬರೆಯೂಕೆ ಅಂದಳು ಸುಚಿತಾ, ಪಕ್ಷ ಇಲ್ಲದವರಿಗೆ ಗೋಡೆಗೆ ಅಂಟಿಸಿದ ಚಿತ್ರಗಳಲ್ಲಿ ಆರಿಸಿಕೊಳ್ಳಬೇಕು, ಬ್ಯಾಟು, ಹೊಲಿಗೆ ಮಷೀನು, ಫ್ಯಾನು, ತೆಂಗಿನಕಾಯಿ, ನಿಂಗೆ ಬೇಕಾದ್ದು ಹೇಳು ಅಂದೆ, ಅವಳು ಚಿತ್ರ ನೋಡಲಿಲ್ಲ, ನನ್ನನ್ನೇ ನೋಡಿದಳು, ದನಿ ತಗ್ಗಿಸಿ, ಫ್ಯಾನೇ ಬರೀರಿ ಅಕ್ಕ, ಆವತ್ತು ಅದ್ರ ಗಾಳಿಗೇ ಬಿದ್ದದ್ದಲ್ದಾ — ಪೆನ್ನು ನಿಂತಿತು, ಅಂದರೆ ಇವಳೂ, ಇವಳೂ ಕಣ್ಣು ಮುಚ್ಚಿರಲಿಲ್ಲ — ನಾ ಕಂಡಿದೆ, ನೀವು ಕಂಡದ್ದನ್ನೂ ಕಂಡಿದೆ, ನೀವೊಂದು ಮಾತು ಅಂದಿದ್ರೆ ನಾ ಇಲ್ಲಿ ಕೂತಿರ್ತಿರ್ಲಿಲ್ಲ, ಸ್ವಂತ ಅಕ್ಕನೂ ಹಂಗೆ ಸುಮ್ನಿರ್ತಿರ್ಲಿಲ್ಲ, ನಾ ಬರೀ ಹೆಸರಿಗೆ ಮೆಂಬರು ಅಕ್ಕ, ನೀರಿನ ಕೆಲ್ಸ ಎಲ್ಲಾ ನೀವೇ ಹೇಳಿಕೊಡೂಕೆ ಬೇಕು. ಕಣ್ಣಲ್ಲಿ ನೀರು ಬೇರೆ, ಅಯ್ಯೋ ದೇವರೇ, ನಾನು ಸುಮ್ಮನಿದ್ದದ್ದು ಪ್ರೀತಿಗೆ ಅಂತ ತಿಳಿದಿದ್ದಾಳಲ್ಲ ಈ ಹುಡುಗಿ, ಈಗಲೂ ಉರಿಯುತ್ತದೆ, ಮೊದಲಿಗಿಂತ ಹೆಚ್ಚು ಉರಿಯುತ್ತದೆ, ಇಷ್ಟು ಒಳ್ಳೆಯವಳಾಗಿ ಇರಲಿಕ್ಕೆ ನನಗೇಕೆ ಬರುವುದಿಲ್ಲ, ಫ್ಯಾನು ಅಂತ ಬರೆದೆ, ದುಂಡಗೆ, ಕೆಳಗೆ ಸೂಚಕಿ ಅಂತ ಸಹಿ ಹಾಕಿದೆ, ಅವಳು ಕೊಟ್ಟು ಬಂದಳು, ಗೋಡೆ ಗಡಿಯಾರದಲ್ಲಿ ಮೂರಕ್ಕೆ ಇನ್ನೇನು ಸ್ವಲ್ಪ, ಪ್ಯೂನು ಬಾಗಿಲು ಎಳೆಯಲು ಎದ್ದಿದ್ದಾನೆ, ಮೇಲೆ ಟಕ್, ಚೀಲದ ಬಾಯಲ್ಲಿ ಬಿ ಫಾರಂನ ಅಂಚು ಗಾಳಿಗೆ ಏಳುತ್ತದೆ, ಒತ್ತಿ ಹಿಡಿಯುತ್ತೇನೆ, ಮತ್ತೆ ಏಳುತ್ತದೆ, ಕೈ ಬಿಟ್ಟರೆ ತಾನಾಗಿಯೇ ಹೊರಬಂದೀತು, ಗಟಾರ, ಅಂಗಳದ ಕೊಳಕು, ನಿಮ್ಮಂತೋರು ಅಂದನಲ್ಲ, ಟಕ್, ಅಧಿಕಾರಿ ಕನ್ನಡಕ ಏರಿಸಿ ನನ್ನತ್ತ ನೋಡುತ್ತಾರೆ, ಎಂತ ಅಮ್ಮ, ನೀವು ಅಭ್ಯರ್ಥಿಯಾ, ಸೂಚಕರಾ, ಸುಚಿತಾ ನಗುತ್ತಾ ತಿರುಗುತ್ತಾಳೆ, ಸೂಚಕಿ ಅಂದದ್ದು ನನ್ನದೇ ಬಾಯಿ, ಬಾಗಿಲು ಮುಚ್ಚಿತು, ಅಂಗೈ ಇನ್ನೂ ಕಾಗದದ ಮೇಲೆಯೇ, ಬೆವರಿಗೆ ಅಂಟಿಕೊಂಡಿದೆ, ತೆಗೆಯಲಿಕ್ಕೆ ಆಗುವುದಿಲ್ಲ, ಫ್ಯಾನು ತಿರುಗುತ್ತದೆ, ಎಡದ ಎಸಳು, ಅಷ್ಟು ಗಾಳಿಗೂ, ಒದ್ದೆಯಾಗಿ, ಬೀಳದೆ, ಎಡದ ಎಸಳು —